ದೇವಾಲಯದ ಅಪವಿತ್ರೀಕರಣ (ಬೈಬಲ್)

ದೇವರ ಸಾನ್ನಿಧ್ಯಕ್ಕೆಂದು ಪ್ರತ್ಯೇಕಿಸಿದ ಸ್ಥಳವನ್ನು ಅನ್ಯಾರಾಧನೆಯಿಂದಲೋ ಅಧರ್ಮದಿಂದಲೋ ಮಲಿನಗೊಳಿಸುವುದನ್ನು ಬೈಬಲ್ ಅಪವಿತ್ರೀಕರಣವೆಂದು ಪರಿಗಣಿಸುತ್ತದೆ. ಇದರ ಘೋರ ನಿದರ್ಶನವೆಂದರೆ, ಸೆಲ್ಯೂಕಿಡ್ ಅರಸ ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ಯೆರೂಸಲೇಮಿನ ದೇವಾಲಯದ ನಿತ್ಯಹೋಮವನ್ನು ನಿಲ್ಲಿಸಿ, ಯಜ್ಞವೇದಿಯ ಮೇಲೆಯೇ ಅನ್ಯದೇವತೆಯ ವೇದಿಯನ್ನು ಕಟ್ಟಿಸಿ, ಸುನ್ನತಿಯನ್ನೂ ಸಬ್ಬತ್ ಎಂಬ ವಾರದ ವಿಶ್ರಾಂತಿದಿನದ ಆಚರಣೆಯನ್ನೂ ನಿಷೇಧಿಸಿದ್ದು. ದಾನಿಯೇಲನ ಗ್ರಂಥದಲ್ಲಿ ಬರುವ ‘ಹಾಳುಮಾಡುವ ಅಸಹ್ಯ ವಸ್ತು’ ಇದನ್ನೇ ಸೂಚಿಸುತ್ತದೆಂಬುದು ಬಹುಪಾಲು ವಿದ್ವಾಂಸರ ಮತ. ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಮರಳಿ ವಶಪಡಿಸಿಕೊಂಡ ಯೆಹೂದಿ ದಂಗೆಯ ನಾಯಕ ಯೂದ ಮಕ್ಕಬಿಯು ಕೆಟ್ಟುಹೋದ ವೇದಿಯನ್ನು ಕಳಚಿಸಿದರೂ ಅದರ ಕಲ್ಲುಗಳನ್ನು ಎಸೆಯದೆ, ಪ್ರವಾದಿಯೊಬ್ಬನು ಬಂದು ನಿರ್ಣಯಿಸುವವರೆಗೆ ಕಾಯ್ದಿರಿಸಿದನು. ಈ ಪುನಃಪ್ರತಿಷ್ಠೆಯ ಸ್ಮರಣೆಯೇ ಹನುಕ್ಕ ಹಬ್ಬ. ಪ್ರವಾದಿಗಳ ಆಕ್ಷೇಪವಾದರೋ ಇನ್ನೂ ತೀಕ್ಷ್ಣವಾದುದು: ಯೆಹೆಜ್ಕೇಲನ ಗ್ರಂಥದ 8ನೆಯ ಅಧ್ಯಾಯದಲ್ಲಿ ದೇವಾಲಯವನ್ನು ಕೆಡಿಸುವವರು ಹೊರಗಿನ ಶತ್ರುಗಳಲ್ಲ, ಕತ್ತಲಲ್ಲಿ ಧೂಪ ಹಾಕುವ ಇಸ್ರಾಯೇಲಿನ ಹಿರಿಯರೇ.