ಜೀಪಿನ ಮುಂದಿನ ಕಬ್ಬಿಣ, ಹಿಂದಿನ ಡಬ್ಬ

ಆಳಂದ, ಅಫಜಲಪುರ, ಜೇವರ್ಗಿ. ಕಲಬುರಗಿ ಜಿಲ್ಲೆಯ ಈ ಮೂರು ತಾಲ್ಲೂಕುಗಳ ರಸ್ತೆಯಲ್ಲಿ ಓಡಾಡುವ ಜೀಪು, ಕ್ರೂಸರ್‌ಗಳನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯದಿರದು. ಕಾರ್ಖಾನೆಯಿಂದ ಹೊರಬಂದ ರೂಪದಲ್ಲೇ ಉಳಿದ ಗಾಡಿಗಳು ಕಡಿಮೆ. ಮೇಲೆ ಕ್ಯಾರಿಯರ್, ಹಿಂದೆ ಹತ್ತಲು ಏಣಿ, ಪಕ್ಕಕ್ಕೆ ಕಾಲಿಡುವ ಪಟ್ಟಿ, ಎಲ್ಲಕ್ಕಿಂತ ಮುಂದೆ ಎದೆಯುಬ್ಬಿಸಿ ನಿಂತ ಕಬ್ಬಿಣದ ಬಂಪರ್. ಕೆಲವು ಗಾಡಿಗಳ ಹಿಂಬದಿಯಲ್ಲಿ ಇಪ್ಪತ್ತು ಲೀಟರಿನ ಇಂಧನದ ಡಬ್ಬವೂ ಕೂತಿರುತ್ತದೆ.

ಇದು ಬರೀ ಷೋಕಿಯೇ? ಅಥವಾ ಇದರ ಹಿಂದೆ ಏನಾದರೂ ಚರಿತ್ರೆ ಇದೆಯೇ? ಚರಿತ್ರೆ ಇದೆ. ಅದು ಆಫ್ರಿಕದ ಮರುಭೂಮಿಯಲ್ಲಿ ಹುಟ್ಟಿ, ನಿಜಾಮರ ಸೀಮೆಯ ಅಂಚನ್ನು ಹಾದು, ನಮ್ಮ ಎರೆಭೂಮಿಯ ಕೆಸರಿನಲ್ಲಿ ಬೇರೂರಿ, ಕೊನೆಗೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಏರಿದ ಕಥೆ.

ಯುದ್ಧ ಕೊಟ್ಟ ಎರಡು ವಸ್ತುಗಳು

ಜೀಪು ಎರಡನೆಯ ಮಹಾಯುದ್ಧದ ಕೂಸು. 1940ರಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ ವಾಹನ ಬೇಕೆಂದು ಕೇಳಿತು. ಬ್ಯಾಂಟಂ, ವಿಲ್ಲೀಸ್, ಫೋರ್ಡ್ ಕಂಪನಿಗಳು ಮಾದರಿ ತಯಾರಿಸಿದವು. ಯುದ್ಧ ಮುಗಿಯುವಷ್ಟರಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಕಟ್ಟಿದ್ದವು. ಚಾಲಕನ ಆಸನದ ಕೆಳಗಿದ್ದ ಅದರ ಟ್ಯಾಂಕು ಹಿಡಿಯುತ್ತಿದ್ದುದು 15 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 57 ಲೀಟರು.

ಊರಿಂದೂರಿಗೆ ಹೋಗಲು ಅಷ್ಟು ಸಾಕು. ಆದರೆ ಶತ್ರುವಿನ ಬೆನ್ನ ಹಿಂದೆ ನೂರಾರು ಮೈಲಿ ಮರಳಿನಲ್ಲಿ ಸಾಗುವವರಿಗೆ ಸಾಲದು. 1942ರಲ್ಲಿ ಉತ್ತರ ಆಫ್ರಿಕದಲ್ಲಿದ್ದ ಬ್ರಿಟಿಷರ ಎಸ್.ಎ.ಎಸ್. ಪಡೆಯವರು ತಮ್ಮ ಜೀಪುಗಳನ್ನು ಬಿಚ್ಚಿ ಮತ್ತೆ ಕಟ್ಟಿದರು. ಎಂಜಿನ್ನಿಗೆ ಗಾಳಿ ಬರಲೆಂದು ಮುಂದಿನ ಜಾಲರಿಯ ಸರಳುಗಳನ್ನು ಕತ್ತರಿಸಿದರು. ರೇಡಿಯೇಟರಿನ ನೀರು ಆವಿಯಾಗಿ ಹಾಳಾಗದಂತೆ ಮುಂದೆ ಒಂದು ಡಬ್ಬಿ ಕಟ್ಟಿದರು. ಉಳಿದ ಜಾಗದಲ್ಲೆಲ್ಲ ಪೆಟ್ರೋಲಿನ ಡಬ್ಬಗಳನ್ನು ಪೇರಿಸಿದರು. ಆ ವರ್ಷದ ಜುಲೈನಲ್ಲಿ ಈಜಿಪ್ಟಿನ ಸಿದಿ ಹನೀಶ್ ವಿಮಾನ ನೆಲೆಯ ಮೇಲೆ ರಾತ್ರೋರಾತ್ರಿ ಎರಗಿದ್ದು ಇಂಥ ಜೀಪುಗಳೇ.

ಆ ಡಬ್ಬದ್ದೂ ಒಂದು ಕಥೆ. ಬ್ರಿಟಿಷರ ಬಳಿ ಮೊದಲಿದ್ದುದು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬ. ನಮ್ಮ ಹಿರಿಯರ ಮನೆಗಳಲ್ಲಿ ಸೀಮೆಎಣ್ಣೆ ಖಾಲಿಯಾದ ಮೇಲೆ ಜೋಳ, ಹಿಟ್ಟು ತುಂಬಿಡುತ್ತಿದ್ದ ಚೌಕದ ಡಬ್ಬದ ಜಾತಿಯದೇ ಅದು. ಮರುಭೂಮಿಯ ಕುಲುಕಾಟಕ್ಕೆ ಅದು ಸೋರಿ ಸೋರಿ ಇಂಧನವೆಲ್ಲ ಮರಳಿನ ಪಾಲಾಗುತ್ತಿತ್ತು. ಜರ್ಮನ್ನರ ಬಳಿಯಾದರೋ 1930ರ ದಶಕದ ಕೊನೆಯಲ್ಲೇ ರೂಪುಗೊಂಡ ಗಟ್ಟಿ ಉಕ್ಕಿನ 20 ಲೀಟರಿನ ಡಬ್ಬವಿತ್ತು. ಮೂರು ಹಿಡಿಗಳಿದ್ದುದರಿಂದ ಇಬ್ಬರು ಹಿಡಿದು ಸಾಗಿಸಬಹುದಿತ್ತು, ಖಾಲಿಯಾದ ಎರಡನ್ನು ಒಬ್ಬನೇ ಒಂದು ಕೈಯಲ್ಲಿ ಒಯ್ಯಬಹುದಿತ್ತು. ಬಿಸಿಲಿಗೆ ಇಂಧನ ಉಬ್ಬಿದರೂ ಬಿರಿಯದಂತೆ ಪಕ್ಕಗಳಲ್ಲಿ ತಗ್ಗು ಗೆರೆಗಳಿದ್ದವು. ವಶಪಡಿಸಿಕೊಂಡ ಡಬ್ಬಗಳನ್ನು ನೋಡಿ ಬ್ರಿಟಿಷರು ಹಾಗೆಯೇ ನಕಲು ಮಾಡಿದರು. ಜರ್ಮನ್ನರನ್ನು ಅವರು 'ಜೆರ್ರಿ' ಎಂದು ಕರೆಯುತ್ತಿದ್ದುದರಿಂದ ಅದಕ್ಕೆ 'ಜೆರ್ರಿಕ್ಯಾನ್' ಎಂಬ ಹೆಸರು ನಿಂತಿತು. ಇಂಥ ಒಂದು ಡಬ್ಬ ಹಿಂದೆ ಕೂತರೆ 57 ಲೀಟರು 77 ಆಗುತ್ತದೆ. ಗಾಡಿ ಓಡುವ ದೂರ ಮೂರನೇ ಒಂದು ಪಾಲಿನಷ್ಟು ಹೆಚ್ಚುತ್ತದೆ.

ಬಂಪರಿನ ವಿಷಯವೂ ಹೀಗೆಯೇ. ಜೀಪಿನ ಮೂಲ ಬಂಪರ್ ಎಂದರೆ ಚಾಸಿಯ ತುದಿಗೆ ಬೋಲ್ಟು ಹಾಕಿದ ಒಂದು ಅಡ್ಡ ಉಕ್ಕಿನ ಪಟ್ಟಿ, ಅಷ್ಟೆ. ಯುರೋಪಿನ ರಣಾಂಗಣದಲ್ಲಿ ರಸ್ತೆಗೆ ಅಡ್ಡಲಾಗಿ ತಂತಿ ಬಿಗಿದು, ಗಾಜನ್ನು ಮಡಚಿಕೊಂಡು ಬರುವ ಸೈನಿಕರ ಕತ್ತು ಕೊಯ್ಯುವ ತಂತ್ರ ನಡೆದಾಗ, ಅಮೆರಿಕನ್ನರು ಆ ಪಟ್ಟಿಗೆ ಆಳೆತ್ತರದ ಕಬ್ಬಿಣದ ಕಂಬ ಬೆಸೆದರು. ತುದಿಯಲ್ಲಿದ್ದ ಕೊಕ್ಕೆ ತಂತಿಯನ್ನು ಕತ್ತರಿಸುತ್ತಿತ್ತು. ಮುಂದೆ ಆಸ್ಟ್ರೇಲಿಯದಲ್ಲಿ ಕಾಂಗರೂಗಳ ಹೊಡೆತ ತಡೆಯಲೆಂದು ಕೊಳವೆಯ ಗಾರ್ಡುಗಳು ಬಂದವು. ಒಂದೊಂದು ಜೋಡಣೆಯೂ ಒಂದೊಂದು ಅಪಾಯಕ್ಕೆ ಉತ್ತರವಾಗಿ ಹುಟ್ಟಿತ್ತೆಂಬುದನ್ನು ಓದುಗರು ಗಮನದಲ್ಲಿಡಬೇಕು.

ನಿಜಾಮರ ಸೀಮೆಗೆ

ಯುದ್ಧಕಾಲದಲ್ಲಿ ಈ ಮೂರು ತಾಲ್ಲೂಕುಗಳಿದ್ದುದು ಹೈದರಾಬಾದು ಸಂಸ್ಥಾನದಲ್ಲಿ. ಅಲ್ಲಿ ಸರ್ಕಾರಿ ಬಸ್ ಸಂಚಾರ 1932ರ ಜೂನ್‌ನಲ್ಲಿ 27 ಬಸ್ಸುಗಳೊಂದಿಗೆ ಆರಂಭವಾಗಿತ್ತು. ಯುದ್ಧ ಬಂದಾಗ ಭಾರತದೆಲ್ಲೆಡೆ ಪೆಟ್ರೋಲಿಗೆ ಪಡಿತರ ಜಾರಿಯಾಯಿತು. ಇದ್ದಿಲು ಉರಿಸಿ ಗ್ಯಾಸ್ ತಯಾರಿಸುವ ಒಲೆಯಂಥ ಯಂತ್ರವನ್ನು ಬಸ್ಸಿನ ಬೆನ್ನಿಗೆ ಕಟ್ಟಿ ಓಡಿಸುವ ಕಾಲವದು. ಇಂಧನಕ್ಕಾಗಿ ಗಾಡಿಗೆ ಹೊರಗಿನಿಂದ ಏನನ್ನಾದರೂ ಜೋಡಿಸುವುದು ನಮ್ಮ ಜನರಿಗೆ ಹೊಸತಾಗಿರಲಿಲ್ಲ.

1948ರ ಸೆಪ್ಟೆಂಬರ್ 13ರಂದು ಭಾರತ ಸೇನೆ ಹೈದರಾಬಾದು ಸಂಸ್ಥಾನದೊಳಗೆ ಕಾಲಿಟ್ಟಿತು. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮುಖ್ಯ ಪಡೆ ಹೊರಟದ್ದು ಆಳಂದಕ್ಕೆ ನೆರೆಯಾದ ಸೊಲ್ಲಾಪುರದಿಂದ. ನಳದುರ್ಗದ ಬಳಿ ಬೋರಿ ನದಿಯ ಸೇತುವೆಯನ್ನು ಮೊದಲ ದಿನವೇ ಹಿಡಿದು, ಉಮರ್ಗಾ, ಹುಮನಾಬಾದ್, ಜಹೀರಾಬಾದ್ ದಾರಿಯಾಗಿ ಟ್ಯಾಂಕು, ಟ್ರಕ್ಕು, ಜೀಪುಗಳ ಸಾಲು ಮುನ್ನುಗ್ಗಿತು. 17ರ ಸಂಜೆಗೆ ನಿಜಾಮರು ಶರಣಾದರು.

ಆಗ ದೇಶಕ್ಕೆ ಜೀಪುಗಳ ಹಸಿವು ಎಷ್ಟಿತ್ತೆಂದರೆ, ಅದೇ ವರ್ಷ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗೆಂದು ಹಳೆಯ ಜೀಪುಗಳನ್ನು ದುರಸ್ತಿ ಮಾಡಿಸಿ ತರಿಸುವ ಒಪ್ಪಂದ ಮಾಡಿಕೊಂಡರು. ಬಂದಿಳಿದ 155 ಜೀಪುಗಳು ಸೇನೆಯ ಬಳಕೆಗೆ ಯೋಗ್ಯವಾಗಿರಲಿಲ್ಲ. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವಾಗಿ 'ಜೀಪ್ ಹಗರಣ' ಪಾರ್ಲಿಮೆಂಟಿನಲ್ಲಿ ಗುಡುಗಿತು. ಸರ್ಕಾರ 1955ರಲ್ಲಿ ಆ ಕಡತವನ್ನು ಮುಚ್ಚಿತು.

ಇತ್ತ 1949ರಲ್ಲಿ ಮುಂಬಯಿಯ ಮಝಗಾಂವ್‌ನಲ್ಲಿ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತಂದು ಜೋಡಿಸುವ ಕೆಲಸವನ್ನು ಮಹೀಂದ್ರ ಕಂಪನಿ ಶುರುಮಾಡಿತು. ಈ ಕಂಪನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್'. ಪಾಲುದಾರರಾಗಿದ್ದ ಮಲಿಕ್ ಗುಲಾಂ ಮೊಹಮ್ಮದ್ ನಿಜಾಮರ ಸರ್ಕಾರದಲ್ಲಿ ಹಣಕಾಸು ಖಾತೆ ನೋಡಿಕೊಂಡಿದ್ದವರು. ದೇಶ ವಿಭಜನೆಯಾದಾಗ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಅಲ್ಲಿನ ಗವರ್ನರ್ ಜನರಲ್ ಕೂಡ ಆದರು. ಕಂಪನಿಯ ಹೆಸರು 1948ರಲ್ಲಿ 'ಮಹೀಂದ್ರ ಅಂಡ್ ಮಹೀಂದ್ರ' ಆಯಿತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಜೀಪು ಸೈನಿಕನ ಕೈಯಿಂದ ಬಿ.ಡಿ.ಓ. ಸಾಹೇಬರ ಕೈಗೆ ಬಂತು. ಹಳ್ಳಿಯ ಮಕ್ಕಳಿಗೆ 'ಸರ್ಕಾರ' ಎಂದರೆ ಧೂಳೆಬ್ಬಿಸಿಕೊಂಡು ಬರುವ ಜೀಪು ಎಂದಾಯಿತು. ಸರ್ಕಾರ ಮತ್ತು ಸೇನೆ ಹರಾಜು ಹಾಕಿದ ಹಳೆಯ ಗಾಡಿಗಳು 'ಡಿಸ್ಪೋಸಲ್ ಜೀಪು' ಎಂಬ ಹೆಸರಿನಲ್ಲಿ ಗ್ಯಾರೇಜು ಸೇರಿದವು. ಹರಿಯಾಣದ ಮಂಡಿ ಡಬ್‌ವಾಲಿಯಂಥ ಊರುಗಳು ಇವುಗಳಿಗೆ ಹೊಸ ರೂಪ ಕೊಟ್ಟೇ ದೇಶಕ್ಕೆಲ್ಲ ಹೆಸರಾದವು.

ಎರೆಭೂಮಿಯ ಬೇಡಿಕೆ

ನಮ್ಮ ಕಡೆ ಜೀಪಿಗೆ ಬೇರೆಯದೇ ಪರೀಕ್ಷೆ ಕಾದಿತ್ತು. ಮಲೆನಾಡಿನ ಕಾಫಿ ತೋಟದಲ್ಲಿ ಜೀಪು ಏರು ಹತ್ತಬೇಕು. ಭೀಮಾ ತೀರದಲ್ಲಿ ಏರೇ ಇಲ್ಲ, ಇರುವುದು ಕಪ್ಪು ನೆಲ. ಈ ಮಣ್ಣಿನಲ್ಲಿರುವ ಜೇಡಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುವ ಅದೇ ಹೊಲ, ಒಂದು ಮಳೆ ಬಿದ್ದರೆ ಗಾಲಿಗೆ ಅಂಟಿ ಗಾಲಿಯನ್ನೇ ನುಂಗುತ್ತದೆ. ಡಾಂಬರು ಕಾಣದ ಕಾಲದಲ್ಲಿ ಮಳೆಗಾಲವೆಂದರೆ ಎಷ್ಟೋ ಹಳ್ಳಿಗಳಿಗೆ ದಾರಿ ಬಂದ್ ಆದಂತೆಯೇ.

ಕೆಸರಿನಲ್ಲಿ ಕೆಳಗಿನ ಗೇರಿನಲ್ಲೇ ತೆವಳುವ ಗಾಡಿ ಎರಡರಷ್ಟು ಎಣ್ಣೆ ಕುಡಿಯುತ್ತದೆ. ಬಂಕು ಇದ್ದರೆ ತಾಲ್ಲೂಕು ಕೇಂದ್ರದಲ್ಲಿ. ಆದ್ದರಿಂದ ಡಬ್ಬ ಅನಿವಾರ್ಯವಾಯಿತು. ಗಾಡಿ ಹೂತರೆ ಎತ್ತು ಕಟ್ಟಿ ಎಳೆಯಲು, ಮುಂದೆ ಟ್ರ್ಯಾಕ್ಟರ್ ಬಂದ ಮೇಲೆ ಹಗ್ಗ ಬಿಗಿಯಲು ಗಟ್ಟಿಯಾದ ಹಿಡಿ ಬೇಕಿತ್ತು. ಆದ್ದರಿಂದ ದಪ್ಪ ಬಂಪರ್, ಅದಕ್ಕೊಂದು ಕೊಕ್ಕೆ ಬಂತು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸುವುದು, ಹಿಂಬದಿ ಉದ್ದ ಮಾಡಿ ಎದುರುಬದುರು ಸೀಟು ಹಾಕುವುದು ಮೇಸ್ತ್ರಿಗಳ ದಿನನಿತ್ಯದ ಕಸುಬಾಯಿತು. ಗಾಣಗಾಪುರದ ದತ್ತನ ದರ್ಶನಕ್ಕೆ, ಆಳಂದದ ಲಾಡ್ಲೆ ಮಶಾಕರ ಉರುಸಿಗೆ, ವಾರದ ಸಂತೆಗೆ ಜನರನ್ನು ಮುಟ್ಟಿಸಿದ್ದು ಇಂಥ ಗಾಡಿಗಳೇ. ಬಸ್ಸು ತಲುಪದ ಊರಿನ ಬಾಣಂತಿಯನ್ನು ಆಸ್ಪತ್ರೆಗೆ ಒಯ್ದದ್ದೂ ಇವೇ. ಇದನ್ನು ಮರೆತು ಬರೀ ಕಾನೂನು ಮಾತಾಡಿದರೆ ನ್ಯಾಯವಾಗದು.

ಉತ್ತರವೇ ಪ್ರಶ್ನೆಯಾದಾಗ

ಕಾಲ ಬದಲಾಯಿತು. ಹಳ್ಳಿಗಳಿಗೆ ಡಾಂಬರು ರಸ್ತೆ ಬಂತು, ಬಂಕುಗಳು ಹೆಚ್ಚಿದವು, ಜೇವರ್ಗಿಯ ಮೂಲಕ ರಾಷ್ಟ್ರೀಯ ಹೆದ್ದಾರಿ ಹಾಯಿತು. ಗಾಡಿಯ ವೇಗ ಏರಿತು. ಆದರೆ ಕೆಸರಿಗಾಗಿ ಹುಟ್ಟಿದ ಕಬ್ಬಿಣ ಹೆದ್ದಾರಿಯಲ್ಲೂ ಉಳಿಯಿತು, ಇನ್ನಷ್ಟು ದಪ್ಪವೂ ಆಯಿತು. ಚಾಲಕರಿಗೆ ಅದಕ್ಕೊಂದು ಕಾರಣವಿದೆ. ಅಫಜಲಪುರದ ಹವಳಗಾ, ಆಳಂದದ ಭೂಸನೂರು ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಹಂಗಾಮಿನಲ್ಲಿ ರಾತ್ರಿಯಿಡೀ ಕಬ್ಬಿನ ಟ್ರ್ಯಾಕ್ಟರುಗಳು ಸಾಗುತ್ತವೆ. ಹಿಂದೆ ದೀಪವಿಲ್ಲದ ಟ್ರೇಲರ್, ರಸ್ತೆ ನಡುವೆ ಮಲಗಿದ ಎಮ್ಮೆ, ಯಾವುದು ಎಲ್ಲಿ ಎದುರಾಗುವುದೋ ಹೇಳಲಾಗದು.

ಆದರೆ ಗಾರ್ಡು ನಿಜಕ್ಕೂ ಕಾಪಾಡುತ್ತದೆಯೇ? ಹೊಸ ಗಾಡಿಗಳ ಮುಂಭಾಗವನ್ನು ಅಪ್ಪಚ್ಚಿಯಾಗಲೆಂದೇ ವಿನ್ಯಾಸ ಮಾಡಿರುತ್ತಾರೆ. ತಗಡು ಮಡಚಿಕೊಳ್ಳುತ್ತಾ ಹೊಡೆತದ ಶಕ್ತಿಯನ್ನು ತಾನು ನುಂಗಿ, ಒಳಗಿನವರಿಗೆ ತಲುಪುವ ಆಘಾತ ತಗ್ಗಿಸುತ್ತದೆ. ಚಾಸಿಗೆ ನೇರವಾಗಿ ಬೋಲ್ಟು ಹಾಕಿದ ಗಾರ್ಡು ಆ ಹೊಡೆತವನ್ನು ಮಡಚಲು ಬಿಡದೆ ಒಳಕ್ಕೇ ಸಾಗಿಸುತ್ತದೆ. ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಎಂದು ತೀರ್ಮಾನಿಸುವ ಸಂವೇದಕಗಳ ಲೆಕ್ಕವೂ ತಪ್ಪಬಹುದು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಗಿರುವಾಗ ಇದು ಸಣ್ಣ ಮಾತಲ್ಲ. ಇನ್ನು ಗಾಡಿಯ ಹೊರಗಿರುವವರ ಪಾಡು? ಸಂತೆಯಿಂದ ನಡೆದು ಬರುವ ಮುದುಕಿಗೆ, ಸೈಕಲ್ಲಿನ ಹುಡುಗನಿಗೆ ತಾಗುವುದು ಬಾಗುವ ತಗಡಲ್ಲ, ಬಾಗದ ಕಬ್ಬಿಣ.

ಡಬ್ಬದ ಲೆಕ್ಕವನ್ನೂ ನೋಡೋಣ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ನೂರು ಲೀಟರಿನ ಹೆಚ್ಚುವರಿ ಟ್ಯಾಂಕು ಎಂದರೆ 83 ಕಿಲೋ. ಒಬ್ಬ ದಪ್ಪ ಮನುಷ್ಯ ಸದಾ ಹಿಂದೆ ಕೂತ ಹಾಗೆ. ಅದನ್ನು ಎತ್ತರದಲ್ಲಿ ಕಟ್ಟಿದರೆ ಗಾಡಿ ಮಗುಚುವ ಸಂಭವ ಹೆಚ್ಚು. ಒಳಗೆ ಅಡ್ಡ ತಗಡುಗಳಿಲ್ಲದಿದ್ದರೆ ತಿರುವಿನಲ್ಲಿ ಎಣ್ಣೆ ಒಂದೇ ಕಡೆ ನುಗ್ಗುತ್ತದೆ. ಗಾಳಿ ಹೋಗುವ ಕಿಂಡಿ ಸರಿಯಿಲ್ಲದಿದ್ದರೆ ಕಲಬುರಗಿಯ ಮೇ ತಿಂಗಳ ಬಿಸಿಲಿಗೆ ಒತ್ತಡ ಏರುತ್ತದೆ. ಬೆಸುಗೆ ಸೋರಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಕಾನೂನು ಏನನ್ನುತ್ತದೆ?

ನಮ್ಮ ಕಾನೂನು ಡಬ್ಬವನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ಗಾಡಿಯ ಟ್ಯಾಂಕಿನಲ್ಲಿರುವುದನ್ನು ಬಿಟ್ಟು, ತನ್ನ ವಾಹನ ಓಡಿಸಲೆಂದೇ 90 ಲೀಟರಿನವರೆಗೆ ಪೆಟ್ರೋಲನ್ನು ಪರವಾನಗಿಯಿಲ್ಲದೆ ಒಯ್ಯಲು 1934ರ ಪೆಟ್ರೋಲಿಯಂ ಕಾಯ್ದೆ ಮಾಲೀಕನಿಗೆ ಅವಕಾಶ ಕೊಟ್ಟಿದೆ. ಅದು ಸೋರದಂಥ ಭದ್ರವಾದ ಪಾತ್ರೆಯಲ್ಲಿರಬೇಕು, ಮಾರಾಟಕ್ಕಿರಬಾರದು.

ಆದರೆ ಗಾಡಿಯ ರಚನೆಯನ್ನೇ ಬದಲಿಸುವ ಮಾತು ಬೇರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿಗೆ 2000ದಲ್ಲಿ ತಿದ್ದುಪಡಿಯಾದ ಮೇಲೆ, ತಯಾರಕರು ನಮೂದಿಸಿದ ವಿವರಕ್ಕೆ ವ್ಯತಿರಿಕ್ತವಾದ ಬದಲಾವಣೆಗೆ ಅವಕಾಶವಿಲ್ಲ. ಅಂಗವಿಕಲರ ಬಳಕೆಗೆ ಮಾರ್ಪಡಿಸುವುದು, ಬೇರೆ ಇಂಧನದ ಕಿಟ್ ಅಳವಡಿಸುವುದು ಮುಂತಾದ ಕೆಲವಕ್ಕೆ ಮಾತ್ರ ವಿನಾಯಿತಿ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಅನಧಿಕೃತ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಪತ್ರ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಸೆಕ್ಷನ್ನಿನ ಅರ್ಥವನ್ನು ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ, ಅನುಮತಿಯಿಲ್ಲದೆ ಬದಲಾಯಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಗಾದರೆ ಹೊಲದ ದಾರಿಯ ಕೆಸರು ಮಾಯವಾಯಿತೇ? ಇಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಊರುಗಳು ನೀರಿನಲ್ಲಿ ನಿಂತಾಗ ರಸ್ತೆಗಳೇ ಕಾಣದಾಗಿದ್ದವು. ನಾಲ್ಕು ಗಾಲಿಗೂ ಬಲವಿರುವ ಗಾಡಿಯ ಬೆಲೆ ಅಂಥ ದಿನಗಳಲ್ಲಿ ತಿಳಿಯುತ್ತದೆ. ಆಗ ನೆರವಾಗುವುದು ಒಳ್ಳೆಯ ಟೈರು, ಕಾರ್ಖಾನೆಯೇ ಕೊಟ್ಟ ಎಳೆಯುವ ಕೊಕ್ಕೆ, ಗಟ್ಟಿ ಹಗ್ಗ, ಮುಚ್ಚಳ ಭದ್ರವಾದ ಒಂದು ಡಬ್ಬ. ಫಳಫಳ ಹೊಳೆಯುವ ಗಾರ್ಡಲ್ಲ.

2020ರಲ್ಲಿ ಬಂದ ಮಹೀಂದ್ರ ಥಾರ್‌ನ ಟ್ಯಾಂಕು ಹಿಡಿಯುವುದು 57 ಲೀಟರು. ಎಂಬತ್ತು ವರ್ಷಗಳ ಹಿಂದಿನ ವಿಲ್ಲೀಸ್ ಹಿಡಿಯುತ್ತಿದ್ದಷ್ಟೇ. ಟ್ಯಾಂಕು ಬೆಳೆಯಲಿಲ್ಲ, ಬಂಕು ಹತ್ತಿರ ಬಂತು. ರಣರಂಗದಲ್ಲಿ ಬಂಪರಿಗೆ ಕಂಬ ಬೆಸೆದವರು ರಸ್ತೆಗೆ ಅಡ್ಡ ಬಿಗಿದ ತಂತಿಗೆ ಉತ್ತರ ಕೊಟ್ಟಿದ್ದರು. ಇಂದು ನಮ್ಮ ರಸ್ತೆಯಲ್ಲಿ ಬಂಪರಿಗೆ ಅಡ್ಡ ಬರುವುದು ತಂತಿಯಲ್ಲ, ನಮ್ಮದೇ ಊರಿನ ಜನ. ಟ್ರೇಲರಿಗೆ ಹಿಂದೆ ಒಂದು ಕೆಂಪು ದೀಪ, ಹಳ್ಳಿಯ ರಸ್ತೆಗೆ ಒಂದು ಗಟ್ಟಿ ಅಂಚು, ಚಾಲಕನ ಎದೆಗೆ ಒಂದು ಸೀಟ್ ಬೆಲ್ಟ್ ಇದ್ದರೆ, ಅವು ಮುಂದಿನ ಕಬ್ಬಿಣಕ್ಕಿಂತ ಹೆಚ್ಚು ಜೀವ ಉಳಿಸುತ್ತವೆ.