ವಾಪಸು ದಾರಿಯ ಬೊಂಬೆ ಅಂಗಡಿ

ಮೈಸೂರು ಪ್ರವಾಸದ ಕೊನೆಯ ದಿನ ಮಕ್ಕಳಿಗೆ ಅರಮನೆ ಬೇಡ, ಬೆಟ್ಟವೂ ಬೇಡ. ಬೆಳಿಗ್ಗೆ ಮೃಗಾಲಯ, ಮಧ್ಯಾಹ್ನ ಊಟ ಮುಗಿಸಿ ಹೊರಟರೆ ಆಮೇಲೆ ಒಂದೇ ಪ್ರಶ್ನೆ: ಚನ್ನಪಟ್ಟಣ ಎಷ್ಟು ದೂರ?

ಬೆಂಗಳೂರಿನ ಕುಟುಂಬಗಳಿಗೆ ಇದು ಹಳೆಯ ಕ್ರಮ. 1892ರಲ್ಲಿ ಚಾಮರಾಜೇಂದ್ರ ಒಡೆಯರ್ ಆರಂಭಿಸಿದ ಮೃಗಾಲಯ ಪ್ರವಾಸಕ್ಕೆ ನೆಪವಾದರೆ, ವಾಪಸು ದಾರಿಯಲ್ಲಿ ಚನ್ನಪಟ್ಟಣದ ಹೆದ್ದಾರಿ ಬದಿಯ ಬೊಂಬೆ ಅಂಗಡಿ ಅದರ ಮುಕ್ತಾಯ. ಬುಗುರಿ, ಗಿಲಕಿ, ದಾರ ಕಟ್ಟಿ ಎಳೆಯುವ ಗಾಡಿ. ಅಳುವ ಮಗು ಸುಮ್ಮನಾಗಲು ಅಷ್ಟು ಸಾಕಿತ್ತು.

ಬೊಂಬೆ ಮಾಡುವ ಈ ಕಸುಬನ್ನು ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳಿಂದ ತರಿಸಿದನೆಂಬುದು ಊರಿನ ನಂಬಿಕೆ. ಕೆಲಸದ ಬಗೆ ಮಾತ್ರ ಕಣ್ಣೆದುರೇ ಇದೆ. ಹಾಲೆ ಮರದ ತುಂಡನ್ನು ಕಡೆಚಲು ಯಂತ್ರದಲ್ಲಿ ತಿರುಗಿಸಿ, ಉಳಿಯಿಂದ ಆಕಾರ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಕುಂಚವೇ ಬೇಕಿಲ್ಲ! ಕೊನೆಗೆ ಕೇದಿಗೆ ಗರಿಯಿಂದ ತಿಕ್ಕಿದರೆ ಹೊಳಪು. ಚೂಪಾದ ಮೂಲೆಗಳಿಲ್ಲದ ಈ ಆಟಿಕೆಗಳು ಎಳೆಯರ ಕೈಗೆ ಒಗ್ಗಿದ್ದು ಸಹಜ.

ಪ್ಲಾಸ್ಟಿಕ್ ಮತ್ತು ಚೀನಾದ ಆಟಿಕೆಗಳು ಬಂದಾಗ ಹಲವು ಕುಶಲಕರ್ಮಿಗಳು ಕಸುಬು ಬಿಟ್ಟರು. ನಂತರ ಈ ಬೊಂಬೆಗಳಿಗೆ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿತು. ಆದರೆ ದೊಡ್ಡ ಪೆಟ್ಟು ಬಿದ್ದದ್ದು ರಸ್ತೆಯಿಂದಲೇ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಚನ್ನಪಟ್ಟಣವನ್ನು ಬದಿಗಿಟ್ಟು ಸಾಗುತ್ತದೆ. ಹಳೇ ರಸ್ತೆಯ ಅಂಗಡಿಗಳ ವ್ಯಾಪಾರ ಕುಸಿಯಿತು. ಬೊಂಬೆ ಬೇಕೆನ್ನುವ ಮಗುವಿಗಾಗಿ ಅಪ್ಪ ಈಗ ಬೇಕೆಂದೇ ಹೆದ್ದಾರಿ ಬಿಟ್ಟು ಇಳಿಯಬೇಕು.