ನಿಂತ ಗಾಡಿಗೆ ಹತ್ತಿದ ಬೆಂಕಿ

ಡಿಕ್ಕಿ ಹೊಡೆದ ಮೋಟಾರು ಹೊತ್ತಿಕೊಂಡರೆ ಕಾರಣ ಹುಡುಕಲು ಯಾರೂ ಬಹುದೂರ ಹೋಗಬೇಕಾಗಿಲ್ಲ. ಆದರೆ ಎಂಜಿನ್ ಆರಿಸಿ, ಬೀಗದ ಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿ, ಮನೆಮಂದಿಯೆಲ್ಲ ಮಲಗಿದ ಮೇಲೆ ನಿಂತ ಗಾಡಿಯೇ ತಾನಾಗಿ ಉರಿಯತೊಡಗಿದರೆ? 1990ರ ದಶಕದಲ್ಲಿ ಅಮೆರಿಕದ ಕೆಲವು ಸಂಸಾರಗಳು ಕಂಡದ್ದು ಇದನ್ನೇ. ಅಲ್ಲಿ ಗ್ಯಾರೇಜು ಅನೇಕ ಕಡೆ ವಾಸದ ಮನೆಗೆ ಅಂಟಿಕೊಂಡೇ ಇರುತ್ತದೆ. ಗಾಡಿಯ ಬೆಂಕಿ ಮನೆಯ ಬೆಂಕಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಇಂಥದರಲ್ಲಿ ಸರಕಾರ ತಲೆಹಾಕುವ ಪದ್ಧತಿ ಅಲ್ಲಿಯೂ ಹಳೆಯದೇನಲ್ಲ. ಅಪಘಾತವೆಂದರೆ ಚಾಲಕನ ತಪ್ಪು ಎಂಬ ಭಾವನೆಯೇ ಬಹುಕಾಲ ಬಲವಾಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಎಂಬ ತರುಣ ವಕೀಲ ಪುಸ್ತಕವೊಂದನ್ನು ಬರೆದು, ತಪ್ಪು ಗಾಡಿಯಲ್ಲೂ ಇರಬಹುದೆಂದು ಸಾರಿದ ಮೇಲೆ ಗದ್ದಲವೆದ್ದಿತು. ಮರುವರ್ಷವೇ ಮೋಟಾರು ಸುರಕ್ಷತೆಯ ಕಾನೂನು ಬಂತು. 1970ರಲ್ಲಿ ಅದಕ್ಕೆಂದೇ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಎಂಬ ಉದ್ದ ಹೆಸರಿನ ಕಚೇರಿ ಹುಟ್ಟಿತು. ಮೊದಲ ಕಾನೂನಿನ ಪ್ರಕಾರ ಕಂಪನಿ ದೋಷವನ್ನು ಮಾಲೀಕನಿಗೆ ತಿಳಿಸಿದರೆ ಸಾಕಿತ್ತು. ಪುಕ್ಕಟೆಯಾಗಿ ಸರಿಪಡಿಸಿಕೊಡಬೇಕೆಂಬ ನಿಯಮ ಸೇರಿದ್ದು 1974ರ ತಿದ್ದುಪಡಿಯಲ್ಲಿ. ಫೋರ್ಡ್ ಕಂಪನಿಯ ಪಿಂಟೋ ಕಾರಿನ ಕಥೆಯನ್ನು ಹಲವರು ಕೇಳಿರಬಹುದು: ಹಿಂದಿನಿಂದ ಗುದ್ದಿದರೆ ಪೆಟ್ರೋಲು ಟ್ಯಾಂಕು ಒಡೆದು ಉರಿಯುತ್ತಿತ್ತು, 1978ರಲ್ಲಿ ಸುಮಾರು 15 ಲಕ್ಷ ಗಾಡಿಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಆದರೆ ಅಲ್ಲಿ ಗುದ್ದಾದರೂ ಇತ್ತು.

ನಾನು ಹೇಳಹೊರಟಿರುವುದೂ ಫೋರ್ಡ್ ಗಾಡಿಗಳ ಕಥೆಯೇ. ಖಳನಾಯಕ ಮಾತ್ರ ಒಂದು ಪುಟ್ಟ ಸ್ವಿಚ್ಚು. ಕಾಲನ್ನು ಒತ್ತಿಹಿಡಿಯದೆ ಒಂದೇ ವೇಗದಲ್ಲಿ ಓಡುವಂತೆ ಮಾಡುವ ಸಾಧನ ಆ ಗಾಡಿಗಳಲ್ಲಿತ್ತು. ಬ್ರೇಕನ್ನು ಬಲವಾಗಿ ಒತ್ತಿದಾಗ ಅದನ್ನು ಕಡಿದುಹಾಕುವುದು ಈ ಸ್ವಿಚ್ಚಿನ ಕೆಲಸ. ಅದರ ಒಂದು ಬದಿಗೆ ಬ್ರೇಕಿನ ಎಣ್ಣೆ, ಇನ್ನೊಂದು ಬದಿಗೆ ವಿದ್ಯುತ್ತು, ನಡುವೆ ಪ್ಲಾಸ್ಟಿಕ್ಕಿನ ತೆಳು ಪೊರೆ. ವರ್ಷಗಟ್ಟಲೆ ಒತ್ತಡ ತಿಂದು ಪೊರೆ ಬಿರಿದರೆ ಎಣ್ಣೆ ಆಚೆ ಜಿನುಗಿ, ತುಕ್ಕು ಹಿಡಿಸಿ, ವಿದ್ಯುತ್ತಿಗೆ ಕಳ್ಳದಾರಿ ತೋರಿಸುತ್ತದೆ. ಸ್ವಿಚ್ಚು ಕಾದು ಹೊತ್ತಿಕೊಳ್ಳುತ್ತದೆ. ಎಂಜಿನ್ ಆರಿಸಿದ ಮೇಲೂ ಸ್ವಿಚ್ಚಿನಲ್ಲಿ ವಿದ್ಯುತ್ತು ಉಳಿಯುವಂತೆ ತಂತಿ ಜೋಡಿಸಿದ್ದರು. ಓಡದಿದ್ದಾಗ ಬೇಡವಾದ ಸಾಧನಕ್ಕೆ ರಾತ್ರಿಯಿಡೀ ವಿದ್ಯುತ್ತು! ಸ್ವಿಚ್ಚನ್ನು ಮಾಡಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್. 1985ರಲ್ಲಿ ಬೆಂಗಳೂರಿಗೆ ಬಂದು ಕಚೇರಿ ತೆರೆದ ಕಂಪನಿಯೇ ಅದು. ಆದರೆ ಈ ಸ್ವಿಚ್ಚಿಗೂ ಬೆಂಗಳೂರಿಗೂ ಯಾವ ನಂಟೂ ಇಲ್ಲ.

ಇದನ್ನೆಲ್ಲ ಈಗ ಸಲೀಸಾಗಿ ಹೇಳಿಬಿಡಬಹುದು. ತನಿಖೆ ಮಾಡಿದವರ ಕಷ್ಟವೇ ಬೇರೆ. ಕಳ್ಳ ಹೆಜ್ಜೆಗುರುತನ್ನಾದರೂ ಬಿಡುತ್ತಾನೆ, ಬೆಂಕಿ ತನ್ನ ಸಾಕ್ಷ್ಯವನ್ನು ತಾನೇ ತಿಂದುಬಿಡುತ್ತದೆ. ಕರಗಿದ ಒಂದು ಗಾಡಿಯನ್ನು ನೋಡಿ ಬೆಂಕಿ ಇಲ್ಲಿಂದಲೇ ಹುಟ್ಟಿತೆಂದು ಆಣೆಯಿಟ್ಟು ಹೇಳುವುದು ಸುಲಭವಲ್ಲ. ಹಾಗಾಗಿ ಸುರಕ್ಷತಾ ಕಚೇರಿಗೆ ಮೊದಲ ಆಧಾರ ಮಾಲೀಕರ ದೂರುಗಳು. ಯಾವ ಮಾದರಿ, ಯಾವ ವರ್ಷದ್ದು, ಗಾಡಿ ಓಡುತ್ತಿತ್ತೇ ನಿಂತಿತ್ತೇ, ಹೊಗೆ ಎಂಜಿನ್ನಿನ ಯಾವ ಮಗ್ಗುಲಿಂದ ಎದ್ದಿತು? ಒಬ್ಬರ ಮಾತು ಒಬ್ಬರ ದುರದೃಷ್ಟವಷ್ಟೇ; ಒಬ್ಬರನ್ನೊಬ್ಬರು ಕಂಡಿರದ ನೂರು ಜನ ಒಂದೇ ಮೂಲೆಯನ್ನು ತೋರಿಸಿದರೆ ಅದು ಸಾಕ್ಷ್ಯ. ಆಮೇಲೆ ಸುಡದೆ ಉಳಿದ ಅದೇ ಮಾದರಿಯ ಗಾಡಿಗಳಿಂದ ಸ್ವಿಚ್ಚು ಬಿಚ್ಚಿ, ಪೊರೆ ಎಷ್ಟು ಸವೆದಿದೆ ಎಂದು ನೋಡಬೇಕು.

1999ರಲ್ಲಿ, 1992 ಮತ್ತು 1993ರ ಮಾದರಿಯ ಸುಮಾರು 2,79,000 ಕಾರುಗಳನ್ನು ಹಿಂದಕ್ಕೆ ಕರೆಸಲಾಯಿತು. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಬಗೆಯ ಸ್ವಿಚ್ಚು ಕಂಪನಿಯ ಬೇರೆ ಗಾಡಿಗಳಲ್ಲೂ ಕೂತಿತ್ತು. 2005ರ ಸೆಪ್ಟೆಂಬರಿನಲ್ಲಿ 38 ಲಕ್ಷ, 2006ರಲ್ಲಿ 12 ಲಕ್ಷ, 2007ರಲ್ಲಿ 36 ಲಕ್ಷ, 2009ರಲ್ಲಿ 45 ಲಕ್ಷ: ಹೀಗೆ ಕಂತು ಕಂತಾಗಿ ಒಟ್ಟು 1 ಕೋಟಿ 40 ಲಕ್ಷದಷ್ಟು ಗಾಡಿಗಳಾದವು. ಬ್ರೇಕಿನ ವ್ಯವಸ್ಥೆ, ಸ್ವಿಚ್ಚು ಕೂತ ಭಂಗಿ ಎಲ್ಲ ಮಾದರಿಗಳಲ್ಲೂ ಒಂದೇ ಅಲ್ಲ, ಆದ್ದರಿಂದ ಅಪಾಯವೂ ಒಂದೇ ಅಲ್ಲ ಎಂಬ ಫೋರ್ಡ್‌ನ ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ‘ಯಾವ ಬಿಡಿಭಾಗ?’ ಎಂದು ಕೇಳುವ ಬದಲು ‘ಯಾವ ಮಾದರಿ?’ ಎಂದು ಕೇಳುತ್ತ ಹೋದದ್ದರಿಂದಲೇ ಹತ್ತು ವರ್ಷ ಹಿಡಿಯಿತೆಂದು ನನಗೆ ತೋರುತ್ತದೆ. ಕರೆದರೂ ಎಲ್ಲರೂ ಬರಲಿಲ್ಲ. 2008ರ ಫೆಬ್ರವರಿಯಲ್ಲಿ ಸುಮಾರು 50 ಲಕ್ಷ ಗಾಡಿಗಳು ರಿಪೇರಿಯಾಗದೆ ಉಳಿದಿದ್ದವು. ಸರಕಾರವೇ ಮತ್ತೆ ಎಚ್ಚರಿಸಬೇಕಾಯಿತು.

ಕೆಲವೊಮ್ಮೆ ದೂರು ಕಂಪನಿಯ ಒಳಗಿನಿಂದಲೇ ಬರುವುದುಂಟು. ಹ್ಯುಂಡೈ ಮತ್ತು ಕಿಯಾ ಗಾಡಿಗಳ ಕೆಲವು ಎಂಜಿನ್‌ಗಳಲ್ಲಿ ಬೇರಿಂಗು ಸವೆದು, ದಂಡ ಮುರಿದು, ಬಿಸಿ ಎಣ್ಣೆ ಚೆಲ್ಲಿ ಬೆಂಕಿಯಾಗುತ್ತಿತ್ತು. ಕಂಪನಿ ಇದನ್ನು ಸರಿಯಾಗಿ ನಿಭಾಯಿಸುತ್ತಿಲ್ಲವೆಂದು ಕಿಮ್ ಗ್ವಾಂಗ್-ಹೋ ಎಂಬ ಕೊರಿಯದ ಎಂಜಿನಿಯರ್ 2016ರಲ್ಲಿ ಅಮೆರಿಕದ ಕಚೇರಿಗೆ ತಿಳಿಸಿದರು. ಹ್ಯುಂಡೈ ಅವರನ್ನು ವಜಾ ಮಾಡಿತು. 2020ರಲ್ಲಿ, ಗಾಡಿಗಳನ್ನು ಕರೆಸಲು ತಡಮಾಡಿದ ವಿಷಯದಲ್ಲಿ ಎರಡೂ ಕಂಪನಿಗಳು ಒಟ್ಟು 21 ಕೋಟಿ ಡಾಲರಿನ ದಂಡದ ಒಪ್ಪಂದಕ್ಕೆ ಬಂದವು. 2021ರಲ್ಲಿ ಆ ಎಂಜಿನಿಯರಿಗೆ 2 ಕೋಟಿ 40 ಲಕ್ಷ ಡಾಲರಿಗೂ ಮಿಕ್ಕಿದ ಬಹುಮಾನ ಸಂದಿತು.

ಇನ್ನು ನಮ್ಮ ದೇಶದ ಮಾತು. 2010ರಲ್ಲಿ ನ್ಯಾನೋ ಕಾರುಗಳು ಕೆಲವು ಹೊತ್ತಿಕೊಂಡಾಗ, ಗಾಡಿಗಳನ್ನು ಹಿಂದಕ್ಕೆ ಕರೆಸೆಂದು ಆಜ್ಞೆ ಮಾಡುವ ಅಧಿಕಾರವನ್ನು ನಮ್ಮ ಮೋಟಾರು ಕಾನೂನು ಸರಕಾರಕ್ಕೆ ಕೊಟ್ಟಿರಲಿಲ್ಲ. ಟಾಟಾ ಕಂಪನಿ ತಾನಾಗಿ ಪುಕ್ಕಟೆಯಾಗಿ ಹೆಚ್ಚಿನ ರಕ್ಷಣೆ ಅಳವಡಿಸಿಕೊಡಲು ಮುಂದಾಯಿತು. ‘ರೀಕಾಲ್’ ಎಂಬ ಮಾತನ್ನು ಮಾತ್ರ ಒಪ್ಪಲಿಲ್ಲ. ಆ ಅಧಿಕಾರ ನಮ್ಮಲ್ಲಿ ಕಾನೂನಾದದ್ದು 2019ರ ತಿದ್ದುಪಡಿಯ 110ಎ ಕಲಮಿನಿಂದ. ಅದಕ್ಕೆ ನಿಯಮಗಳು ಬಂದದ್ದು 2021ರಲ್ಲಿ. ಇಲ್ಲಿಯೂ ಮಾಲೀಕರ ದೂರುಗಳ ಎಣಿಕೆಯೇ ಮುಖ್ಯ ಆಧಾರ. ಆದರೆ ಗಾಡಿಗೆ ಏಳು ವರ್ಷ ತುಂಬಿರಬಾರದು ಎಂದು ನಿಯಮ ಹೇಳುತ್ತದೆ. ಫೋರ್ಡ್ ಕಂಪನಿ 2005ರಲ್ಲಿ ಕರೆಸಿಕೊಂಡ ಗಾಡಿಗಳಲ್ಲಿ 1994ರ ಮಾದರಿಯವೂ ಇದ್ದವು.